ಟ್ರ್ಯಾಕ್ಟರ್ ಫ್ರೇಮ್ ಬಿರುಕು ಬಿಟ್ಟರೆ ಮನೆಯಲ್ಲೇ ವೆಲ್ಡಿಂಗ್ ಮಾಡಬಹುದೇ?

ಒಡೆದದ್ದು ಯಾವ ಭಾಗ ಅನ್ನುವುದರ ಮೇಲಿದೆ. ನಮ್ಮ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ ಲಾರಿಯಂಥ ಪ್ರತ್ಯೇಕ ಚಾಸಿ ಇರುವುದಿಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್‌ಗಳನ್ನು ಬೋಲ್ಟ್ ಹಾಕಿ ಜೋಡಿಸಿದ್ದೇ ಅದರ ಫ್ರೇಮ್. ಅವೆಲ್ಲ ಸಾಮಾನ್ಯವಾಗಿ ಬೀಡು ಕಬ್ಬಿಣ. ಬೀಡಿಗೆ ಸುಮ್ನೆ ವೆಲ್ಡಿಂಗ್ ಹಚ್ಚಿದರೆ ತಣ್ಣಗಾಗುವಾಗ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಅಲ್ಲಿ ಮನೆ ರಿಪೇರಿ ಬೇಡ, ಭಾಗ ಬದಲಿಸುವುದೇ ಒಳ್ಳೆಯದು.

ಒಡೆದದ್ದು ಬೀಡೋ ಉಕ್ಕೋ ಅನ್ನುವ ಅನುಮಾನ ಇದ್ದರೆ ಅದರ ಮೂಲೆಯಲ್ಲಿ ಗ್ರೈಂಡರ್ ತಾಗಿಸಿ. ಉಕ್ಕಿನ ಕಿಡಿ ಉದ್ದಕ್ಕೆ ಹಳದಿಯಾಗಿ ಹಾರುತ್ತದೆ, ಬೀಡಿನದು ಗಿಡ್ಡ, ಮಂಕು ಕೆಂಪು.

ಕಲ್ಟಿವೇಟರ್ ಫ್ರೇಮ್, ಟ್ರೇಲರ್ ಚಾಸಿ ಉಕ್ಕಿನವು, ವೆಲ್ಡಿಂಗ್ ಬಲ್ಲವರು ಧಾರಾಳವಾಗಿ ಮಾಡಬಹುದು. ಬಣ್ಣ, ಗ್ರೀಸ್ ಪೂರ್ತಿ ತೆಗೆಯಿರಿ. ಬಿರುಕು ಕಣ್ಣಿಗೆ ಕಾಣುವುದಕ್ಕಿಂತ ಸ್ವಲ್ಪ ಮುಂದೆ ಹೋಗಿರುತ್ತದೆ, ಅದರ ನಿಜವಾದ ತುದಿಯಲ್ಲಿ 5–6 ಮಿ.ಮೀ. ತೂತು ಕೊರೆಯಿರಿ. ಇಲ್ಲದಿದ್ದರೆ ಅದು ಮುಂದಕ್ಕೆ ಹರಿಯುತ್ತಲೇ ಇರುತ್ತದೆ. ಆಮೇಲೆ ಬಿರುಕಿನುದ್ದಕ್ಕೂ ವಿ ಆಕಾರದ ಕಾಲುವೆ ತೋಡಿ, ತಳದಿಂದ ತುಂಬುತ್ತಾ ಬನ್ನಿ. 7018 ನಂಬರಿನ ವೆಲ್ಡಿಂಗ್ ರಾಡ್ ಒಳ್ಳೆಯದು, ಆದರೆ ಅದಕ್ಕೆ ತೇವ ತಾಗಿರಬಾರದು. ಮಳೆಗಾಲದಲ್ಲಿ ಬಿಚ್ಚಿಟ್ಟ ಪ್ಯಾಕೆಟ್ಟಿನ ರಾಡ್ ನಂಬಬೇಡಿ.

ಮೇಲೆ ಪಟ್ಟಿ ಕೂರಿಸುವುದಾದರೆ ವಜ್ರಾಕಾರದಲ್ಲಿ ಕತ್ತರಿಸಿ. ಚೌಕದ ಪಟ್ಟಿಯಾದರೆ ಅಡ್ಡ ಬೆಸುಗೆಯ ಅಂಚಿನಲ್ಲೇ ಹೊಸ ಬಿರುಕು ಶುರುವಾಗುವುದು ಜಾಸ್ತಿ.

ಕಲ್ಟಿವೇಟರ್, ಟ್ರೇಲರ್‌ಗಳನ್ನು ಟ್ರ್ಯಾಕ್ಟರ್‌ಗೆ ಜೋಡಿಸಿಕೊಂಡೇ ವೆಲ್ಡ್ ಮಾಡಬೇಡಿ. ಕಳಚಲು ಆಗದಿದ್ದರೆ ಬ್ಯಾಟರಿ ತಂತಿ ಬಿಚ್ಚಿ, ಅರ್ಥ್ ಕ್ಲಾಂಪನ್ನು ಬಿರುಕಿನ ಹತ್ತಿರವೇ ಕಚ್ಚಿಸಿ. ದೂರ ಕಚ್ಚಿಸಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದನ್ನೂ ಹಾಳು ಮಾಡಬಹುದು.