ವೈಪರ್ ತಾನಾಗಿ ಓಡಿದರೆ ಬಿಸಿಎಂ ಬದಲಿಸಬೇಕೇ?

ಪ್ರಶ್ನೆ: ಮಳೆ ಶುರುವಾದ ಮೇಲೆ ಕಾರಿನ ವೈಪರ್ ತಾನಾಗಿ ಓಡುತ್ತದೆ, ಡೋರ್ ಲಾಕ್ ಸುಮ್ನೆ ಟಕಟಕ ಅನ್ನುತ್ತದೆ. ವೈಪರ್, ಡೋರ್ ಲಾಕ್ ಮುಂತಾದವನ್ನು ನಿಯಂತ್ರಿಸುವ ಬಾಡಿ ಕಂಟ್ರೋಲ್ ಮಾಡ್ಯೂಲ್ (ಬಿಸಿಎಂ) ಹೋಗಿದೆ ಎನ್ನುತ್ತಾರೆ ಮೆಕ್ಯಾನಿಕ್. ಬದಲಿಸಲೇ?
– ಓದುಗರು, ಬದಿಯಡ್ಕ

ಉತ್ತರ: ಅವಸರ ಬೇಡ. ಬ್ಯಾಟರಿ ಸೋತರೂ, ಅರ್ತ್ ವೈರ್ ಸಡಿಲವಾದರೂ ಹೀಗೇ ಆಗುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ, ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಫ್ಯೂಸನ್ನೂ ನೋಡಿಸಿ. ಕಾಸರಗೋಡಿನ ಮಳೆಗೆ ನೀರು ಒಳಗಿಳಿಯುವುದು ಜಾಸ್ತಿ ಅಲ್ವಾ, ಹಾಗಾಗಿ ಮಾಡ್ಯೂಲಿನ ಕನೆಕ್ಟರ್ ಬಿಚ್ಚಿಸಿ, ಪಿನ್ನುಗಳ ಮೇಲೆ ಹಸಿರು ಕಿಲುಬು ಕೂತಿದೆಯಾ ಅಂತ ನೀವೇ ಕಣ್ಣಾರೆ ನೋಡಿ. ಸ್ಕ್ಯಾನರ್‌ನಲ್ಲಿ ಯು0140 ಎಂಬ ದೋಷದ ಕೋಡ್ ಬಂದರೆ ಮಾಡ್ಯೂಲಿನ ಜೊತೆ ಸಂಪರ್ಕ ತಪ್ಪಿದೆ ಎಂದಷ್ಟೇ ಅರ್ಥ, ಅದೇ ಕೆಟ್ಟಿದೆ ಎಂದಲ್ಲ. ಇದೆಲ್ಲ ಸರಿಯಿದ್ದರೆ ಮಾತ್ರ ಬದಲಿಸಿ. ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆಸಿ. ಹೊಸದಕ್ಕೆ ಸಾಮಾನ್ಯವಾಗಿ ಕೋಡಿಂಗ್ (ನಿಮ್ಮ ಗಾಡಿಗೆ ತಕ್ಕಂತೆ ಕಂಪ್ಯೂಟರಿನಲ್ಲಿ ಹೊಂದಿಸುವುದು) ಬೇಕು, ಕೆಲವು ಗಾಡಿಗಳಲ್ಲಿ ಕೀಗಳನ್ನೂ ಹೊಂದಿಸಬೇಕು. ಇರುವ ಕೀಗಳನ್ನೆಲ್ಲ ತೆಗೆದುಕೊಂಡೇ ಹೋಗಿ.