ಅಪ್ಪನ ಫೋನಿಗೆಂದೇ ಒಂದು ದನಿ

ಸಲಹೆ ಕೇಳಿ ಈ ಅಂಕಣಕ್ಕೆ ಬಂದ ಪತ್ರದ ಕೊನೆಯಲ್ಲಿ ‘ಇಂತಿ, ಹೆಸರು ಬೇಡವೆನ್ನುವ ಕಲಾವಿದ’ ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು. ಆಮೇಲೆ ಯಾವಾಗಲೋ ಕಪ್ಪು ಪೆನ್ನು ಹಿಡಿದು ಆ ‘ದ’ಕ್ಕೆ ಎತ್ವ ಕೊಟ್ಟು ‘ಕಲಾವಿದೆ’ ಎಂದು ಮಾಡಲಾಗಿತ್ತು. ಒಂದೇ ಒಂದು ಎತ್ವ. ನಾಲ್ಕು ಪುಟದ ಪತ್ರವನ್ನು ಮೊದಲಿನಿಂದ ಮತ್ತೊಮ್ಮೆ ಓದುವಂತೆ ಮಾಡಿದ್ದು ಅದು.

ಗುರುತು ಸಿಗದ ಹಾಗೆ ಅಲ್ಲಲ್ಲಿ ಬದಲಿಸಿ ಸಾರಾಂಶ ಕೊಡುತ್ತೇನೆ. ಇವರಿಗೆ ಮೂವತ್ತೆಂಟು. ಚಿತ್ರ ಬರೆದೇ ಬದುಕು. ಹುಟ್ಟಿದಾಗ ಗಂಡು ಎಂದು ದಾಖಲಾಯಿತು, ಗಂಡಿನ ಹೆಸರಿನಲ್ಲೇ ಕಲಾವಲಯದಲ್ಲಿ ಹೆಸರಾಯಿತು. ಮೂರು ವರ್ಷಗಳ ಹಿಂದೆ ತಮ್ಮ ಹಳೆಯ ಸ್ವಚಿತ್ರಗಳನ್ನು ಅಟ್ಟದಿಂದ ಇಳಿಸಿ, ಅವುಗಳ ಮೇಲೆಯೇ ಹೊಸದಾಗಿ ತಮ್ಮನ್ನು ಬರೆದುಕೊಳ್ಳತೊಡಗಿದರು. ಮೊದಲ ಚಿತ್ರದಲ್ಲಿ ದವಡೆಯ ಗೆರೆ ಮಾತ್ರ ಬದಲಾಯಿತು. ಮೂರು ಸಲ ಒರೆಸಿ, ಮೂರು ಸಲ ಬರೆದರಂತೆ. ನಾಲ್ಕನೆಯದರಲ್ಲಿ ಕತ್ತು, ಹೆಗಲು. ಏಳನೆಯದು ಮುಗಿಯುವ ಹೊತ್ತಿಗೆ ಎದುರಿಗೆ ಕೂತವಳು ಯಾರೆಂಬ ಬಗ್ಗೆ ಸಂಶಯ ಉಳಿದಿರಲಿಲ್ಲ. ಹಾರ್ಮೋನ್ ಚಿಕಿತ್ಸೆ ಆರಂಭವಾಗಿ ಹದಿನಾಲ್ಕು ತಿಂಗಳಾಗಿದೆ. ಮುಂದಿನ ತಿಂಗಳು ಹನ್ನೊಂದು ಚಿತ್ರಗಳ ಪ್ರದರ್ಶನ, ಹೊಸ ಹೆಸರಿನಲ್ಲಿ. ಅಣ್ಣನಿಗೆ ಹೇಗೋ ಗೊತ್ತಾಗಿ ಕೂಗಾಡುತ್ತಿದ್ದಾರೆ. ಅಮ್ಮ ತೀರಿಕೊಂಡು ವರ್ಷಗಳಾದವು. ಅಪ್ಪನಿಗೆ ಏನೂ ಗೊತ್ತಿಲ್ಲ. ‘ಮೊದಲೇ ಹೇಳಿಬಿಡಲೇ, ಅಥವಾ ನನ್ನ ಚಿತ್ರಗಳೇ ಅಪ್ಪನ ಜೊತೆ ಮಾತನಾಡಲಿ ಎಂದು ಸುಮ್ಮನಿರಲೇ?’ ಇದು ಪ್ರಶ್ನೆ.

ಅಣ್ಣನ ಬೈಗುಳಕ್ಕೆ ಒಂದೂವರೆ ಪುಟ ಕೊಟ್ಟಿದ್ದೀರಿ, ಗ್ಯಾಲರಿಯ ಗೋಡೆಯ ಬಣ್ಣಕ್ಕೆ ಅರ್ಧ ಪುಟ. ಮೂರನೆಯ ಪುಟದ ತಳದಲ್ಲಿ, ಕಂಸದೊಳಗೆ, ಸಣ್ಣ ಅಕ್ಷರದಲ್ಲಿ ಹೀಗಿದೆ: ‘ಗ್ಲಾಕೋಮಾದಿಂದ ಅಪ್ಪನ ಕಣ್ಣು ಹೆಚ್ಚುಕಡಿಮೆ ಹೋಗಿದೆ. ಆದರೂ ನನ್ನ ಎಲ್ಲ ಪ್ರದರ್ಶನಗಳಿಗೂ ಬರುತ್ತಾರೆ. ಮೂಲೆಯಲ್ಲಿ ಕುರ್ಚಿ ಹಾಕಿಸುತ್ತೇನೆ, ಚಿತ್ರದ ಪಕ್ಕದ ಚೀಟಿಗಳನ್ನು ಓದಿ ಹೇಳುತ್ತೇನೆ. ದನಿಯ ಅಭ್ಯಾಸಕ್ಕೆ ಹೋಗುತ್ತಿದ್ದೇನೆ, ಅಪ್ಪನ ಫೋನ್ ಬಂದಾಗ ಮಾತ್ರ ಹಳೆಯ ದನಿಯಲ್ಲಿ ಮಾತನಾಡುತ್ತೇನೆ.’

ನಿಮ್ಮನ್ನು ತಂಗಿ ಎಂದು ಕರೆಯುತ್ತೇನೆ, ಬೇಸರವಿಲ್ಲ ತಾನೆ? ನೋಡಿ ತಂಗಿ, ನೀವು ಕೇಳಬೇಕಾಗಿದ್ದ ಪ್ರಶ್ನೆ ಈ ಕಂಸದೊಳಗಿದೆ. ಮಿಕ್ಕದ್ದೆಲ್ಲ ಚೌಕಟ್ಟು.

ಗ್ಲಾಕೋಮಾ ಸದ್ದಿಲ್ಲದ ಕಳ್ಳ. ಸಾಮಾನ್ಯವಾಗಿ ಮೊದಲು ನೋಟದ ಅಂಚುಗಳನ್ನು ಕದಿಯುತ್ತದೆ. ನಡುವಿನ ನೋಟ ಬಹುಕಾಲ ಉಳಿಯುವುದರಿಂದ, ಕಳುವಾಗುತ್ತಿರುವುದು ಮನೆಯೊಡೆಯನಿಗೇ ಗೊತ್ತಾಗುವುದಿಲ್ಲ. ಹೋದ ನೋಟ ಮರಳಿ ಬರುವುದಿಲ್ಲ. ಹಾಗಾಗಿ ನಿಮ್ಮ ತಂದೆಯ ಪಾಲಿಗೆ ನೀವೆಂದರೆ ಒಂದು ದನಿ. ಹದಿನಾಲ್ಕು ತಿಂಗಳಲ್ಲಿ ನಿಮ್ಮ ಚರ್ಮ ನಯವಾಗಿರಬಹುದು, ಮುಖದ ಗೆರೆಗಳು ತಿದ್ದಿಕೊಂಡಿರಬಹುದು, ಬೀದಿಯಲ್ಲಿ ಜನ ಹೊರಳಿ ನೋಡಬಹುದು ಅಥವಾ ನೋಡದೇ ಇರಬಹುದು. ಅವರಿಗೆ ಇದೊಂದೂ ತಲುಪಿಲ್ಲ. ಗಂಡಸಿನ ಗಂಟಲು ಒಮ್ಮೆ ಒಡೆದು ದಪ್ಪಗಾದ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಅದನ್ನು ಮೊದಲಿನಂತೆ ಮಾಡುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಅದಕ್ಕಾಗಿಯೇ ನೀವು ದನಿಯ ಅಭ್ಯಾಸಕ್ಕೆ ಹೋಗುತ್ತಿದ್ದೀರಿ, ತಿಂಗಳುಗಟ್ಟಲೆ ಒಂದೊಂದೇ ಸ್ವರವನ್ನು ಪಳಗಿಸುತ್ತಿದ್ದೀರಿ. ಫೋನಿನಲ್ಲಿ ‘ಅಪ್ಪ’ ಎಂದು ಮೂಡಿದ ಕೂಡಲೇ ಅಷ್ಟನ್ನೂ ಬದಿಗಿಟ್ಟು ಹಳೆಯ ಗಂಟಲನ್ನು ತೊಟ್ಟುಕೊಳ್ಳುತ್ತೀರಿ. ಹನ್ನೊಂದು ಕ್ಯಾನ್ವಾಸುಗಳ ಮೇಲೆ ಅಳಿಸಿದವನನ್ನು ಅವರೊಬ್ಬರಿಗಾಗಿ ಪ್ರತಿ ಕರೆಯಲ್ಲೂ ಹೊಸದಾಗಿ ಬರೆದು ಕೊಡುತ್ತಿದ್ದೀರಿ.

ಹೀಗಿರುವಾಗ ಚಿತ್ರಗಳು ಅವರೊಡನೆ ಮಾತನಾಡುವುದು ಹೇಗೆ? ಆ ಕೋಣೆಯಲ್ಲಿ ನಿಮ್ಮ ಚಿತ್ರಗಳನ್ನು ನೋಡಲಾಗದ ಮನುಷ್ಯ ಅವರೊಬ್ಬರೇ ಇರಬಹುದು. ಬಂದವರಿಗೆಲ್ಲ ಗೊತ್ತಾಗಿರುತ್ತದೆ. ಯಾರೋ ಹತ್ತಿರ ಬಂದು ಕೈ ಹಿಡಿದು ‘ನಿಮ್ಮ ಮಗಳ ಕೆಲಸ ಅದ್ಭುತವಾಗಿದೆ’ ಎನ್ನುತ್ತಾರೆ. ‘ನನಗೆ ಮಗಳಿಲ್ಲವಲ್ಲ’ ಎಂದು ಅವರು ಹೇಳುತ್ತಾರೆ. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದೂ ಅವರಿಗೆ ಕಾಣುವುದಿಲ್ಲ. ನನ್ನ ಮರುಕ ನಿಮಗಿಂತ ಹೆಚ್ಚಾಗಿ ಆ ಮೂಲೆಯ ಕುರ್ಚಿಯ ಕಡೆಗೇ ಹೋಗುತ್ತಿದೆ, ಮುಚ್ಚಿಡುವುದಿಲ್ಲ.

ಅಲ್ಲದೆ, ಚಿತ್ರ ಮಾತನಾಡುತ್ತದೆ ಎಂಬ ನಂಬಿಕೆಯೇ ನನಗೆ ಮೊದಲಿನಿಂದ ಅನುಮಾನದ್ದು. ನಿಮ್ಮ ಕ್ಯಾಟಲಾಗ್‌ನಲ್ಲಿ ಲಿಲಿ ಎಲ್ಬೆಯ ಹೆಸರು ಬಂದಿದೆ ಎಂದಿದ್ದೀರಿ. ಓದುಗರಿಗಾಗಿ ಹೇಳುತ್ತೇನೆ: 1882ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿ, ಐನಾರ್ ವೆಗೆನರ್ ಎಂಬ ಗಂಡು ಹೆಸರಿನಲ್ಲಿ ನಿಸರ್ಗದೃಶ್ಯಗಳನ್ನು ಬರೆಯುತ್ತಿದ್ದವರು. ಹೆಂಡತಿ ಗೆರ್ದಾ ಕೂಡ ಕಲಾವಿದೆ. ರೂಪದರ್ಶಿ ಬಾರದ ಒಂದು ದಿನ ಗೆರ್ದಾ ಇವರನ್ನೇ ಹೆಣ್ಣುಡುಗೆಯಲ್ಲಿ ನಿಲ್ಲಿಸಿ ಚಿತ್ರ ಬರೆದರು ಎಂಬುದು ಬಹಳ ಸಲ ಹೇಳಿದ ಕಥೆ. ಆಮೇಲೆ ಲಿಲಿಯನ್ನು ಮತ್ತೆ ಮತ್ತೆ ಬರೆದು ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದರು. ಆ ಚಿತ್ರಗಳನ್ನು ಜನ ನೋಡಿದರು, ಮೆಚ್ಚಿದರು. ಅವರಿಗೆ ಕಂಡದ್ದು ಬಾದಾಮಿ ಕಣ್ಣಿನ ಒಬ್ಬ ಚೆಲುವೆ, ಅಷ್ಟೇ. ಅವಳು ಯಾರೆಂದು ಒಂದು ಚಿತ್ರವೂ ಬಾಯಿ ಬಿಡಲಿಲ್ಲ. ಯಾರಾದರೂ ಬಾಯಿಬಿಟ್ಟು ಹೇಳಿದಾಗಲೇ ಗೊತ್ತಾದದ್ದು. 1930ರಲ್ಲಿ ಜರ್ಮನಿಯಲ್ಲಿ, ದೇಹವನ್ನು ಹೆಣ್ಣಾಗಿಸಿಕೊಳ್ಳುವ ಶಸ್ತ್ರಚಿಕಿತ್ಸೆಗಳು ಆರಂಭವಾದವು. ಮರುವರ್ಷ ಕೊನೆಯ ಶಸ್ತ್ರಚಿಕಿತ್ಸೆಯ ತೊಡಕುಗಳಿಂದ ಡ್ರೆಸ್ಡೆನ್ ನಗರದಲ್ಲಿ ಲಿಲಿ ತೀರಿಕೊಂಡರು. ಕ್ಯಾಟಲಾಗ್ ಬರೆದವರು ಇನ್ನೊಂದು ಸಂಗತಿಯನ್ನು ನುಂಗಿದ್ದಾರೆ. ಚಿತ್ರ ಬರೆಯುವುದು ಐನಾರ್‌ನ ಕೆಲಸ, ತನ್ನದಲ್ಲ ಎಂದು ಲಿಲಿ ಕುಂಚವನ್ನೇ ಕೆಳಗಿಟ್ಟಿದ್ದರು. ನೀವು ಕುಂಚ ಹಿಡಿದೇ ನಿಮ್ಮನ್ನು ಕಂಡುಕೊಂಡವರು. ನಿಮ್ಮಿಬ್ಬರನ್ನು ಒಂದೇ ವಾಕ್ಯದಲ್ಲಿ ಕಟ್ಟಿಹಾಕುವುದು ಸೋಮಾರಿತನ.

ಕ್ಯಾಟಲಾಗ್ ಬರೆದ, ಪ್ರದರ್ಶನ ಹೊಂದಿಸುವ ಆ ಕ್ಯುರೇಟರ್ ಮಹಾಶಯರ ಸರದಿ ಈಗ. ಅಣ್ಣನಿಗಿಂತ ನನಗೆ ಕೋಪ ಬಂದದ್ದು ಇವರ ಮೇಲೆ. ನೀವೋ ಪತ್ರದುದ್ದಕ್ಕೂ ಅವರಿಗೆ ಕೃತಜ್ಞರಾಗಿದ್ದೀರಿ. ಅವರ ಎರಡು ಸಲಹೆಗಳನ್ನು ನೋಡಿ. ಒಂದು: ‘ಮನೆಯವರಿಗೆ ಮೊದಲೇ ಹೇಳಬೇಡಿ, ಆ ಮೊದಲ ಕ್ಷಣದ ಅಚ್ಚರಿಯೂ ಪ್ರದರ್ಶನದ ಭಾಗ, ವಿಡಿಯೊ ಮಾಡಿಸೋಣ.’ ಎರಡು: ಪ್ರತಿ ಚಿತ್ರದ ಪಕ್ಕದಲ್ಲಿ ಅದರ ಎಕ್ಸ್‌ರೇ ತೂಗುಹಾಕಿ, ಅಡಿಯಲ್ಲಿರುವ ‘ಗಂಡು’ ಜನರಿಗೆ ಕಾಣುವಂತೆ ಮಾಡುವುದು.

ಮೊದಲನೆಯದಕ್ಕೆ ನನ್ನ ಉತ್ತರವನ್ನು ಈ ಅಂಕಣ ಓದುವವರು ಬಾಯಿಪಾಠ ಮಾಡಿರಬೇಕು. ಕೆಲಸ ಬಿಟ್ಟದ್ದನ್ನು ಹುಟ್ಟುಹಬ್ಬದ ಕೂಟದಲ್ಲಿ ಹೇಳಿದವರಿಗೂ ಅದನ್ನೇ ಬರೆದಿದ್ದೆ, ವಿಚ್ಛೇದನದ ಸುದ್ದಿಯನ್ನು ನೆಂಟರ ಮುಂದೆ ಒಡೆದವರಿಗೂ ಅದನ್ನೇ. ಎದೆ ನಡುಗಿಸುವ ಸುದ್ದಿಯನ್ನು ಕೇಳಿಸಿಕೊಳ್ಳುವವರಿಗೆ ಎದ್ದು ಹೋಗಲು ಒಂದು ಬಾಗಿಲು ಬೇಕು, ಅಳಲು ಒಂದು ಗೋಡೆ ಬೇಕು. ನೂರು ಜನರ ನಡುವೆ ಎರಡೂ ಇರುವುದಿಲ್ಲ. ಅದರ ಮೇಲೆ ವಿಡಿಯೊ! ಕಣ್ಣು ಕಾಣದ ಮುದುಕರ ಮುಖಕ್ಕೆ ಕ್ಯಾಮೆರಾ ಹಿಡಿದು ಅದನ್ನು ಕಲೆ ಎನ್ನುವವರಿಗೆ ನಾನು ಬೇರೆ ಹೆಸರಿಡುತ್ತೇನೆ, ಸಂಪಾದಕರು ಅಚ್ಚು ಮಾಡುವುದಿಲ್ಲ.

ಎರಡನೆಯದು ಹೆಚ್ಚು ನಯವಾದ ವಿಷ. ಎಣ್ಣೆಬಣ್ಣಕ್ಕೆ ವಯಸ್ಸಾದಂತೆ ಅದು ತುಸು ಪಾರದರ್ಶಕವಾಗುತ್ತದೆ, ಕಲಾವಿದರು ಮುಚ್ಚಿದ ಹಳೆಯ ಕೈ, ಹಳೆಯ ಮೂಗು ಮೆಲ್ಲಗೆ ಮೇಲೆ ತೇಲುತ್ತವೆ. ಇದಕ್ಕೆ ಇಟಾಲಿಯನ್ನರು ಇಟ್ಟ ಹೆಸರು ಪೆಂಟಿಮೆಂಟೊ, ಎಂದರೆ ಪಶ್ಚಾತ್ತಾಪ. ಆ ಹೆಸರಿನ ಮೋಡಿಯಲ್ಲಿ ಎಲ್ಲರೂ ಅಡಿಯಲ್ಲಿ ಇರುವುದೇ ಅಸಲು ಎಂದು ನಂಬಿ ಕೂತಿದ್ದಾರೆ. ಪಿಕಾಸೊ 1901ರಲ್ಲಿ ಬರೆದ ‘ನೀಲಿ ಕೋಣೆ’ ಎಂಬ ಚಿತ್ರ ವಾಷಿಂಗ್ಟನ್ನಿನ ಫಿಲಿಪ್ಸ್ ಕಲೆಕ್ಷನ್‌ನಲ್ಲಿದೆ. ಕೋಣೆಯ ನಡುವೆ ಒಬ್ಬ ಹೆಂಗಸು ಬಾಗಿ ಸ್ನಾನ ಮಾಡುತ್ತಿದ್ದಾಳೆ. ಅತಿಗೆಂಪು ಕಿರಣಗಳಲ್ಲಿ ನೋಡಿದಾಗ ಅವಳ ಅಡಿಯಲ್ಲಿ ಒಬ್ಬ ಗಂಡಸು ಸಿಕ್ಕಿದ: ಬೋ ಟೈ ಕಟ್ಟಿದ್ದಾನೆ, ಬೆರಳಿಗೆ ಉಂಗುರಗಳು, ಕೈ ಮೇಲೆ ಕೆನ್ನೆಯಿಟ್ಟು ಕೂತಿದ್ದಾನೆ. 2014ರಲ್ಲಿ ಇದು ಜಗತ್ತಿಗೆಲ್ಲ ಸುದ್ದಿಯಾಯಿತು. ಅಲ್ಲಿ ಸ್ನಾನ ಮಾಡುತ್ತಿರುವ ಹೆಂಗಸು ನಿಜವಾಗಿ ಆ ಬೋ ಟೈ ಗಂಡಸು ಎಂದು ಯಾರಾದರೂ ಹೇಳಿದರೆ? ಚಿತ್ರ ಯಾವುದು ಎಂದರೆ ಕಲಾವಿದರು ಬರೆದು ಮುಗಿಸಿದ್ದು. ಅಡಿಯಲ್ಲಿರುವವನು ಇದ್ದ, ಅವನ ಮೇಲೆಯೇ ಇವಳು ನಿಂತಿದ್ದಾಳೆ. ಅದನ್ನು ಹೇಳುವುದು ಬಿಡುವುದು ನಿಮಗೆ ಸೇರಿದ್ದು, ಟಿಕೆಟ್ ಹರಿಯುವವರಿಗೆ ಸೇರಿದ್ದಲ್ಲ. ಕ್ಯುರೇಟರರಿಗೆ ಬುದ್ಧಿವಾದ ರುಚಿಸದಿದ್ದರೆ ವಿಜ್ಞಾನ ಹೇಳಿ. ಹಳೆಯ ಕಾಲದವರ ಸೀಸದ ಬಿಳಿ ಎಕ್ಸ್‌ರೇಯನ್ನು ಗಟ್ಟಿಯಾಗಿ ತಡೆಯುತ್ತದೆ, ಅದಕ್ಕೇ ಅವರ ಗುಟ್ಟುಗಳು ಅಷ್ಟು ಚೆನ್ನಾಗಿ ಕಾಣುತ್ತವೆ. ನೀವು ಎಲ್ಲರಂತೆ ಟೈಟಾನಿಯಂ ಬಿಳಿ ಬಳಸಿದ್ದರೆ ಅವರ ಫಿಲ್ಮಿನಲ್ಲಿ ಮಂಜಿನ ಹೊರತು ಹೆಚ್ಚೇನೂ ಮೂಡುವುದಿಲ್ಲ.

ಅಣ್ಣನವರಿಗೆ ಎರಡೇ ಮಾತು. ‘ತಲೆ ಕೆಟ್ಟಿದೆ, ಮಾನಸಿಕ ವೈದ್ಯರಿಗೆ ತೋರಿಸು’ ಎನ್ನುತ್ತಾರಂತೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದೆ. ಆ ಹೊಸ ಪಟ್ಟಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿಯಿಂದ ಜಾರಿಯಲ್ಲಿದೆ. ಅಣ್ಣ ಆ ಸುದ್ದಿ ಓದುವವರೆಗೆ ಅವರ ಕರೆಗಳನ್ನು ಎತ್ತಬೇಡಿ.

ಹೆಸರಿನ ಬಗ್ಗೆಯೂ ಕೇಳಿದ್ದೀರಿ. ಹೊಸ ಚಿತ್ರಗಳಿಗೆ ಹೊಸ ಸಹಿ. ಇದರಲ್ಲಿ ಕೇಳುವುದೇನಿದೆ? ಮಾರಾಟವಾದ ಹಳೆಯವುಗಳ ಸಹಿಯನ್ನು ಮಾತ್ರ ಮುಟ್ಟಲು ಹೋಗಬೇಡಿ. ತಿದ್ದಿದ ಸಹಿ ಮುಂದೊಂದು ದಿನ ನಕಲಿಯ ಅನುಮಾನ ತರುತ್ತದೆ. ನಿಮ್ಮ ಬಳಿ ಇರುವವುಗಳ ಹಿಂಬದಿಯಲ್ಲಿ ಹೊಸ ಹೆಸರು, ತಾರೀಖು ಬರೆದಿಟ್ಟರೆ ಸಾಕು. ಜೊತೆಗೆ ಗ್ಲಕ್ ಎಂಬ ಕಲಾವಿದರನ್ನು ನೆನಪಿಸಿಕೊಳ್ಳಿ. 1895ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಹೆಣ್ಣಿನ ಹೆಸರನ್ನು ಕಳಚಿಹಾಕಿ, ಮನೆತನದ ಹೆಸರಿನ ಒಂದು ತುಂಡನ್ನಷ್ಟೇ ಉಳಿಸಿಕೊಂಡವರು. ತಮ್ಮ ಚಿತ್ರಗಳ ಛಾಯಾಪ್ರತಿಗಳ ಹಿಂದೆ, ಗ್ಲಕ್ ಎಂಬುದಕ್ಕೆ ಹಿಂದೆ ಮುಂದೆ ಏನನ್ನೂ ಸೇರಿಸಬೇಡಿ, ಉದ್ಧರಣ ಚಿಹ್ನೆಯನ್ನೂ ಹಾಕಬೇಡಿ ಎಂದು ಬರೆದು ಕಳುಹಿಸುತ್ತಿದ್ದರು. ತಾವು ಉಪಾಧ್ಯಕ್ಷರಾಗಿದ್ದ ಕಲಾಸಂಘವೊಂದು ಕಾಗದದ ಮೇಲೆ ‘ಮಿಸ್ ಗ್ಲಕ್’ ಎಂದು ಅಚ್ಚು ಹಾಕಿಸಿದ್ದಕ್ಕೆ ರಾಜೀನಾಮೆ ಕೊಟ್ಟು ಎದ್ದು ಬಂದರು. ಮುಂದೆ ಇದೇ ಹಟವನ್ನು ಬಣ್ಣ ತಯಾರಿಸುವ ಕಂಪನಿಗಳ ಮೇಲೆ ತಿರುಗಿಸಿ, ಕಳಪೆ ಎಣ್ಣೆಬಣ್ಣದ ವಿರುದ್ಧ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜಗಳವಾಡಿದರು. ಇಂಥವರ ಸಂಗ ಒಳ್ಳೆಯದು.

ಈಗ ಮಾಡಬೇಕಾದ ಕೆಲಸ. ಒಂದೇ ಒಂದು. ಉದ್ಘಾಟನೆಗೆ ಎರಡು ವಾರ ಮುಂಚೆ, ಆ ಹನ್ನೊಂದು ಚೀಟಿಗಳನ್ನು ತೆಗೆದುಕೊಂಡು ಅಪ್ಪನ ಬಳಿಗೆ ಹೋಗಿ ಓದಿ ಹೇಳಿ.

ಕ್ಯುರೇಟರ್ ಬರೆದ ಚೀಟಿಗಳು ಬೇಡ. ‘ಅವನು ಅವಳಾದ ಕಥನ’ ಎಂದು ಆರಂಭವಾಗುವುದನ್ನು ಯಾವ ತಂದೆ ಕೇಳಿಯಾನು? ನೀವೇ ಬರೆಯಿರಿ, ‘ನಾನು’ ಎಂದು ಬರೆಯಿರಿ. ನಮ್ಮ ಭಾಷೆ ಇಲ್ಲಿ ಒಂದು ದೊಡ್ಡ ಉಪಕಾರ ಮಾಡಿದೆ. ಅವನು, ಅವಳು ಎನ್ನುವಾಗ ಅದಕ್ಕೆ ಗಂಡು ಹೆಣ್ಣಿನ ಲೆಕ್ಕ ಬೇಕು. ‘ನಾನು ಬಂದೆ, ನಾನು ಬರೆದೆ’ ಎಂದಾಗ ಅದು ಏನನ್ನೂ ಕೇಳುವುದಿಲ್ಲ. (ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧದಷ್ಟು ‘ಸರ್’ ಎಂದು ಶುರುವಾಗುತ್ತವೆ, ಅರ್ಧದಷ್ಟು ‘ಮೇಡಂ’ ಎಂದು. ಇಷ್ಟು ವರ್ಷ ‘ನಾನು’ವಿನ ಹಿಂದೆ ಆರಾಮವಾಗಿ ಇದ್ದೇನೆ.) ‘ಈ ಚಿತ್ರದಲ್ಲಿ ದವಡೆಯನ್ನು ಮೂರು ಸಲ ಒರೆಸಿದೆ’ ಎಂದು ಬರೆಯಿರಿ. ಮೂರು ಸಲ ಯಾಕೆ ಎಂದು ಅವರು ಖಂಡಿತ ಕೇಳುತ್ತಾರೆ. ಮಗುವಿನ ಎಲ್ಲ ಪ್ರದರ್ಶನಗಳಿಗೂ ಬಂದು ಕೂತ ಮನುಷ್ಯ ಅವರು.

ಆದರೆ ಚೀಟಿ ತೆಗೆಯುವ ಮೊದಲು ಒಂದು ವಾಕ್ಯ ಹೇಳಿ: ‘ಅಪ್ಪ, ನೀವು ಮಗ ಎಂದುಕೊಂಡಿರುವ ನಾನು ನಿಮ್ಮ ಮಗಳು.’ ಆಮೇಲೆ ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಎಷ್ಟು ಹೊತ್ತಾದರೂ ಸರಿ. ಓದು ಎಂದ ಮೇಲೆ ಓದಿ. ಮೊದಲ ಚೀಟಿ ಅವರಿಗೆ ಪರಿಚಯವಿರುವ ದನಿಯಲ್ಲಿ ಹೊರಟರೆ ಹೊರಡಲಿ. ಹನ್ನೊಂದನೆಯದರಲ್ಲಿ ನಿಮ್ಮ ಹೆಸರಿರುತ್ತದೆ, ಅದನ್ನು ಮಾತ್ರ ಈಗಿನ ದನಿಯಲ್ಲಿ ಓದಿ. ಗೋಡೆಯ ಮೇಲೆ ಅವರು ನೋಡಲಾಗದ ಪ್ರದರ್ಶನವನ್ನು ಹೀಗಾದರೂ ಕೇಳಿಸಿಕೊಳ್ಳುತ್ತಾರೆ.

ಅವರು ಕೋಪಗೊಂಡರೆ? ನಿಮ್ಮ ಮನೆ ಬೇರೆ, ಸಂಪಾದನೆ ಬೇರೆ, ಅವರು ಎಂದೂ ಕೈ ಎತ್ತಿದವರಲ್ಲ ಎಂದು ನೀವೇ ಬರೆದಿದ್ದೀರಿ. ಎದ್ದು ಬರಬಹುದು. ಈ ಮೂರರಲ್ಲಿ ಒಂದಿಲ್ಲದಿದ್ದರೂ ನನ್ನ ಸಲಹೆ ಬೇರೆಯೇ ಆಗಿರುತ್ತಿತ್ತು, ಇದೇ ಸ್ಥಿತಿಯಲ್ಲಿರುವ ಬೇರೆ ಓದುಗರು ಇದನ್ನು ಗಮನಿಸಬೇಕು. ನೀವು ಯಾರು ಎಂಬುದನ್ನು ಯಾರಿಗೂ ಒಪ್ಪಿಸಬೇಕಾದ ಸಾಲವೇನೂ ಇಲ್ಲ. ಹೇಳಲು ಮನಸ್ಸಿಲ್ಲದಿದ್ದರೆ ಅವರನ್ನು ಕರೆಯಲೇಬೇಡಿ, ಅದೂ ಗೌರವದ ದಾರಿಯೇ. ಕರೆದು ಕತ್ತಲೆಯಲ್ಲಿ ಕೂರಿಸುವುದು ಬೇಡ.

ಎರಡು ವಾರ ಯಾಕೆಂದರೆ, ಮುನಿಸು ಆರಲು ಅಷ್ಟು ಬೇಕು. ಕೆಲವರಿಗೆ ಎರಡು ವರ್ಷವೂ ಸಾಲದು. ಅವರು ಬರದಿದ್ದರೂ ಆ ಮೂಲೆಯ ಕುರ್ಚಿಯನ್ನು ತೆಗೆಸಬೇಡಿ. ಹನ್ನೊಂದು ಚಿತ್ರಗಳ ಮುಂದೆ ನಿಂತು ಮಂಡಿ ನೋಯಿಸಿಕೊಂಡ ಬೇರೆ ಮುದುಕರೂ ಬಂದಿರುತ್ತಾರೆ.