ಹಿಂದಿನ ಬೆಂಚಿನಿಂದ ಬಂದ ಉತ್ತರ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ತೀರ್ಥಹಳ್ಳಿ ಕಡೆಯ ಹುಡುಗಿ. ಶಿವಮೊಗ್ಗದಲ್ಲಿ ಅರೇಬಿಕ್ ಶಿಕ್ಷಕಿಯಾಗಲು ತರಬೇತಿ ಪಡೆಯುತ್ತಿದ್ದಾಳೆ. ವ್ಯಾಕರಣ ನೀರು ಕುಡಿದಷ್ಟು ಸಲೀಸು. ಆದರೆ ಅಭ್ಯಾಸ ಪಾಠದ ದಿನ ತಿಂಡಿ ಇಳಿಯಲ್ಲ, ಬಸ್ ಹತ್ತುವ ಹೊತ್ತಿಗೆ ಕೈ ತಣ್ಣಗಾಗಿರುತ್ತೆ. "ಕೋರ್ಸ್ ಬಿಟ್ಟುಬಿಡ್ಲಾ ಮೇಡಂ?" ಅಂತಲೇ ಮಾತು ಶುರು ಮಾಡಿದಳು.

ಏನಾಯಿತು ಅಂತ ಕೆದಕಿದೆ. ಅವತ್ತು ಸೂರ್ಯಾಕ್ಷರಗಳ ಪಾಠವಂತೆ. ಅರೇಬಿಕ್‌ನ 28 ಅಕ್ಷರಗಳಲ್ಲಿ 14 ಸೂರ್ಯಾಕ್ಷರಗಳು. ಇವುಗಳ ಮೊದಲು ‘ಅಲ್’ (ಇಂಗ್ಲಿಷಿನ ‘the’ ಥರದ್ದು) ಬಂದರೆ ಅದರ ಲಕಾರ ಮುಂದಿನ ಅಕ್ಷರದಲ್ಲೇ ಬೆರೆತುಹೋಗುತ್ತೆ. ಸೂರ್ಯನಿಗೆ ಬರೆಯೋದು ಅಲ್-ಶಮ್ಸ್, ಓದೋದು ಅಶ್ಶಮ್ಸ್. ಚಂದ್ರ ಮಾತ್ರ ಬರೆದ ಹಾಗೇ ಅಲ್-ಕಮರ್. ಒಬ್ಬ ಹುಡುಗ ಎದ್ದು, "ಓದದೇ ಇರೋ ಅಕ್ಷರ ಯಾಕೆ ಬರೀಬೇಕು ಟೀಚರ್?" ಅಂದ. ಒಳ್ಳೇ ಪ್ರಶ್ನೆ ಅಲ್ವಾ? ಇವಳು ಉತ್ತರ ಜೋಡಿಸಿಕೊಳ್ಳುತ್ತಿದ್ದಳು, ಅಷ್ಟರಲ್ಲಿ ಹಿಂದೆ ಕೂತಿದ್ದ ಪ್ರೊಫೆಸರ್ ತಾವೇ ಹೇಳಿಬಿಟ್ಟರು, ಸಾಲದ್ದಕ್ಕೆ ಗಂಟಲಿನಿಂದ ಹೊರಡೋ ‘ಐನ್’ ಅಕ್ಷರದ ಅವಳ ಉಚ್ಚಾರಣೆಯನ್ನೂ ಮಕ್ಕಳೆದುರೇ ತಿದ್ದಿದರು. ಆಮೇಲೆ ಏನೇ ಡೌಟ್ ಬಂದರೂ ಮಕ್ಕಳು ಹಿಂದೆ ತಿರುಗಿ ನೋಡೋರು.

ಇನ್ನೊಂದು ಕೊರಗೂ ಇತ್ತು. "ಮನೇಲಿ ಬ್ಯಾರಿ, ಹೊರಗೆ ಕನ್ನಡ. ಅರಬ್ಬರ ಥರ ಮಾತಾಡೋಕೆ ಬರದ ನಾನೇನು ಕಲಿಸಲಿ?" ಅರಬ್ ದೇಶಗಳ ಮಕ್ಕಳೂ ಮನೆಯಲ್ಲಿ ತಮ್ಮ ಊರಿನ ಆಡುಮಾತನ್ನೇ ಆಡೋದು, ಪುಸ್ತಕದ ಶಿಷ್ಟ ಅರೇಬಿಕ್, ಅಂದ್ರೆ ಫುಸ್ಹಾ, ಕಲಿಯೋದು ಹೆಚ್ಚಾಗಿ ಶಾಲೆಯಲ್ಲೇ ಅಂತ ನೆನಪಿಸಿದೆ. ಮತ್ತೆ ಗಂಟಲಿನ ಆ ‘ಐನ್’ಗೆ ಮಲೆನಾಡಿನ ಮಗು ಎಲ್ಲಿ ತಡವರಿಸುತ್ತೆ ಅನ್ನೋದು ಕಷ್ಟಪಟ್ಟು ಕಲಿತ ಇವಳಿಗೇ ಜಾಸ್ತಿ ಗೊತ್ತು.

ಅವಳ ಒಪ್ಪಿಗೆ ಪಡೆದು ಪ್ರೊಫೆಸರ್ ಜೊತೆ ಮಾತಾಡಿದೆ. ಕೆಟ್ಟವರಲ್ಲ. ಮಕ್ಕಳು ತಪ್ಪು ಕಲಿತುಬಿಡ್ತಾರೆ ಅನ್ನೋ ಆತಂಕ, ಅಷ್ಟೇ. "ಧೈರ್ಯವಾಗಿರಮ್ಮ ಅಂತ ದಿನಾ ಹೇಳ್ತೀನಲ್ಲ" ಅಂದರು. ಹೇಳಿದರೆ ಧೈರ್ಯ ಬರಲ್ಲ ಸರ್. ಆಲ್ಬರ್ಟ್ ಬಂಡೂರಾ ಅನ್ನೋ ಮನಶ್ಶಾಸ್ತ್ರಜ್ಞರು 1977ರಲ್ಲೇ ಬರೆದಿದ್ದಾರೆ: ‘ನನ್ನಿಂದಾಗುತ್ತೆ’ ಅನ್ನೋ ನಂಬಿಕೆಗೆ ಎಲ್ಲಕ್ಕಿಂತ ದೊಡ್ಡ ಬಲ ಸ್ವಂತ ಮಾಡಿ ಗೆದ್ದ ಅನುಭವ, ಹುರಿದುಂಬಿಸುವ ಮಾತಿನ ಬಲ ಅದಕ್ಕಿಂತ ಕಮ್ಮಿ. ನೀವು ಅವಳಿಗೆ ಒಂದು ಪಾಠವನ್ನೂ ಪೂರ್ತಿ ಮುಗಿಸೋಕೆ ಬಿಟ್ಟಿಲ್ಲ.

ಅವರಿಗೆ ಹೇಳಿದ್ದು ಇಷ್ಟು. ಪಾಠ ನಡೆಯುವಾಗ ಸುಮ್ನೆ ಕೂತು ಬರೆದಿಟ್ಟುಕೊಳ್ಳಿ, ತಪ್ಪಿದ್ದರೆ ಮುಂದಿನ ಕ್ಲಾಸಿನಲ್ಲಿ ಅವಳೇ ಸರಿಪಡಿಸಲಿ. ಶಾಲೆಗೆ ಕಳಿಸುವ ಮೊದಲು ಸಹಪಾಠಿಗಳೆದುರು ಏಳೆಂಟು ನಿಮಿಷದ ಸೂಕ್ಷ್ಮ ಬೋಧನೆ ಮಾಡಿಸಿ, ಒಂದೇ ಅಂಶ ಇರಲಿ, ಸಲಹೆ ಕೊಟ್ಟು ಅದನ್ನೇ ಮತ್ತೊಮ್ಮೆ ಮಾಡಿಸಿ. ಮುಗಿದ ಮೇಲೆ ಬರೀ ‘ಚೆನ್ನಾಗಿತ್ತು’ ಬೇಡ. ‘ಆ ಹುಡುಗನ ಪ್ರಶ್ನೆ ಬೋರ್ಡ್ ಮೇಲೆ ಬರೆದೆಯಲ್ಲ, ಅದರಿಂದ ಉಳಿದವರೂ ಯೋಚಿಸಿದರು’ ಅಂತ ಕಂಡದ್ದನ್ನೇ ಹೇಳಿ. ನಿಮ್ಮ ಪಾಠದ ಬದಲು ಅವಳಿಗಿಂತ ಒಂದು ವರ್ಷ ಹಿರಿಯಳಾದ ಹುಡುಗಿಯ ಪಾಠ ತೋರಿಸಿ, ಅದು ಕೈಗೆಟುಕುವ ಹಾಗೆ ಕಾಣುತ್ತೆ.

ಅವಳಿಗೆ: ಎರಡು ಇಡ್ಲಿಯಾದರೂ ತಿಂದು ಹೊರಡು. ಉತ್ತರ ಹೊಳೆಯದಿದ್ದರೆ ‘ನಾಳೆ ಹೇಳ್ತೀನಿ’ ಅನ್ನು, ನಾಳೆ ಮರೀದೆ ಹೇಳು.

ಪ್ರೊಫೆಸರ್ ಒಪ್ಪಿದರು, ಒಂದು ತಕರಾರು ಬಿಟ್ಟು. "ಬೋರ್ಡ್ ಮೇಲೇ ತಪ್ಪು ಬರೆದರೆ?" ಮಕ್ಕಳು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಿರುವಾಗ ಒಂದು ಚೀಟಿ ಕೊಡಿ, ಅವಳೇ ಅಳಿಸಿ ಬರೀತಾಳೆ ಅಂದೆ.